ಓಡಿದರೆ ಮಾತ್ರ ಉಳಿದೀತು

ಬೇಸಿಗೆ ರಜೆ ಹತ್ತಿರವಾದಂತೆ ನಮ್ಮ ಬಳಗದ ಮನೆಗಳಲ್ಲಿ ಇಂಗ್ಲೆಂಡಿನ ಡರ್ಬಿಶೈರಿನ ಕ್ರೈಚ್ ಟ್ರ್ಯಾಮ್ ಮ್ಯೂಸಿಯಮ್ಮಿನ ಹೆಸರು ಕೇಳಿಬರುತ್ತದೆ. (ಅಕ್ಷರ ನೋಡಿ ಕ್ರಿಚ್ ಎಂದು ಓದುವವರೇ ಹೆಚ್ಚು, ಊರವರ ಬಾಯಲ್ಲಿ ಅದು ಕ್ರೈಚ್.) ಬಾಗಿಲಲ್ಲಿ ಕೈಗಿಡುವ ಹಳೆಯ ಕಾಲದ ಪೆನ್ನಿಯನ್ನು ಕಂಡಕ್ಟರಿಗೆ ಕೊಟ್ಟು ಟಿಕೆಟ್ ಪಡೆದು, ಮೇಲಂತಸ್ತು ಹತ್ತಿ, ಸುಮಾರು ಒಂದು ಮೈಲಿಯ ಹಳಿಯ ಮೇಲೆ ಹೋಗಿ ಬಂದು, ಫೋಟೋ ತೆಗೆಸಿಕೊಂಡು ಹೊರಡುವವರು ಬಹಳ. ತಪ್ಪೇನಿಲ್ಲ. ಆದರೆ ಅಲ್ಲಿ ನೋಡಬೇಕಾದ ಅಸಲು ಕೆಲಸ ಇರುವುದು ಚಾಲಕನ ಕೈಯಲ್ಲಿ, ಗಾಡಿಯ ಅಡಿಯಲ್ಲಿ, ಶೆಡ್ಡಿನ ಒಳಗೆ. ನೂರು ವರ್ಷ ದಾಟಿದ ಗಾಡಿಯನ್ನು ನಿಲ್ಲಿಸಿಟ್ಟು ಕಾಪಾಡಬೇಕೋ, ಓಡಿಸುತ್ತಲೇ ಕಾಪಾಡಬೇಕೋ? ಓಡಿಸಬೇಕು ಎಂದು ಅಲ್ಲಿನ ಸ್ವಯಂಸೇವಕರು ಅರವತ್ತು ವರ್ಷದ ಹಿಂದೆಯೇ ತೀರ್ಮಾನಿಸಿದರು. ಅದು ಸರಿಯಾದ ತೀರ್ಮಾನ ಎಂದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳು ಮೋಟಾರು, ಬೇರಿಂಗು, ಬ್ರೇಕುಗಳಲ್ಲೇ ಇವೆ.

ಬ್ರಿಟನ್ನಿನ ಊರುಗಳು ಟ್ರ್ಯಾಮನ್ನು ಕೈಬಿಟ್ಟದ್ದು ಒಂದರ ಬೆನ್ನಿಗೆ ಒಂದರಂತೆ. ಲಂಡನ್ 1952ರಲ್ಲಿ, ಲೀಡ್ಸ್ 1959ರಲ್ಲಿ, ಶೆಫೀಲ್ಡ್ 1960ರಲ್ಲಿ, ಗ್ಲಾಸ್ಗೋ 1962ರಲ್ಲಿ. ಬ್ಲಾಕ್‌ಪೂಲ್ ಮಾತ್ರ ಬಿಡಲಿಲ್ಲ. ಹೀಗೆ ಗಾಡಿಗಳು ಗುಜರಿ ಸೇರುತ್ತಿದ್ದಾಗ, 1948ರಲ್ಲಿ, ಕೆಲವು ಆಸಕ್ತರು ಸೌತಾಂಪ್ಟನ್ನಿನ 45ನೇ ನಂಬರಿನ ಗಾಡಿಯನ್ನು 10 ಪೌಂಡಿಗೆ ಕೊಂಡರು. 1903ರ ಆ ಗಾಡಿಯ ಮೇಲಂತಸ್ತಿಗೆ ಛಾವಣಿಯಿಲ್ಲ. ನಡುವೆ ಉದ್ದಕ್ಕೂ ಒಂದು ಬೆಂಚು, ಅದರ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಆ ಊರಿನ ಬಾರ್‌ಗೇಟ್ ಎಂಬ ಹಳೆಯ ಕೋಟೆಬಾಗಿಲಿನ ಕಮಾನಿನಡಿ ಹಾದುಹೋಗುವಾಗ ಯಾರ ತಲೆಯೂ ಕಲ್ಲಿಗೆ ತಾಗಬಾರದೆಂದು ಸೀಟುಗಳನ್ನು ಕಮಾನು ಎತ್ತರವಿರುವ ನಡುಭಾಗಕ್ಕೆ ತಂದಿದ್ದರು. ಆ ಒಂದು ಗಾಡಿಯಿಂದ ಬೆಳೆದ ಗುಂಪು 1955ರಲ್ಲಿ ಸೊಸೈಟಿಯಾಯಿತು, 1959ರಲ್ಲಿ ಕ್ರೈಚಿನ ಸುಣ್ಣಕಲ್ಲಿನ ಹಳೆಯ ಗಣಿಗೆ ಬಂದು ನೆಲೆಸಿತು. 1963ರಲ್ಲಿ ಕುದುರೆ ಎಳೆಯುವ ಟ್ರ್ಯಾಮ್, 1964ರಲ್ಲಿ ವಿದ್ಯುತ್ ಟ್ರ್ಯಾಮ್ ಅಲ್ಲಿ ಓಡಿತು.

ಅದೇ 1964ರ ಮಾರ್ಚ್ 31ರಂದು ಮುಂಬೈಯ ಕೊನೆಯ ಟ್ರ್ಯಾಮ್ ನಿಂತುಹೋಯಿತು. ಬೆಂಗಳೂರು ಟ್ರ್ಯಾಮನ್ನು ಕಂಡದ್ದೇ ಇಲ್ಲ. ಆದರೆ ಮುಂಬೈಯಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರ ಮನೆಗಳಲ್ಲಿ 'ದಾದರ್ ಟೀಟಿ' ಎಂಬ ಮಾತು ಇನ್ನೂ ಇದೆ. ಆ ಟೀಟಿ ಎಂದರೆ ಟ್ರ್ಯಾಮ್ ಟರ್ಮಿನಸ್ ಎಂಬುದನ್ನು ಮಕ್ಕಳಿಗೆ ಹೇಳಬೇಕಾಗಿ ಬಂದರೆ, ಹೇಳುವುದಕ್ಕೆ ಕ್ರೈಚಿಗಿಂತ ಒಳ್ಳೆಯ ಜಾಗ ಸಿಗಲಾರದು.

ಇನ್ನು ಗಾಡಿಯ ವಿಷಯ. ತಲೆಯ ಮೇಲಿನ ತಾಮ್ರದ ತಂತಿಯಲ್ಲಿ 600 ವೋಲ್ಟ್ ಡಿ.ಸಿ. ಛಾವಣಿಯ ಮೇಲಿನ ಉದ್ದನೆಯ ಕಂಬಕ್ಕೆ ಟ್ರಾಲಿ ಎಂದು ಹೆಸರು. ಅದರ ತುದಿಯ ಪುಟ್ಟ ಗಾಲಿಯೋ ಕಾರ್ಬನ್ ಜಾರುಪಟ್ಟಿಯೋ ತಂತಿಗೆ ಒತ್ತಿಕೊಂಡು ವಿದ್ಯುತ್ತನ್ನು ಕೆಳಗಿಳಿಸುತ್ತದೆ. ಮೋಟಾರುಗಳನ್ನು ಹಾದು ಬಂದ ವಿದ್ಯುತ್ತು ಗಾಲಿಗಳ ಮೂಲಕ ಹಳಿಗಿಳಿದು ಸಬ್‌ಸ್ಟೇಷನ್ನಿಗೆ ಮರಳುತ್ತದೆ. ಹಳಿಯೂ ಸರ್ಕೀಟಿನ ಒಂದು ಭಾಗ ಎಂಬುದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಚಾಲಕನ ಎಡಗೈಯಲ್ಲಿರುವ ಹಿತ್ತಾಳೆ ಹಿಡಿಕೆಯೇ ಕಂಟ್ರೋಲರ್. ಸಾಮಾನ್ಯವಾಗಿ ಅದಕ್ಕೆ 8 ಹಂತ. ನಿಂತ ಮೋಟಾರಿಗೆ ಒಮ್ಮೆಲೇ 600 ವೋಲ್ಟ್ ಕೊಟ್ಟರೆ ಅದನ್ನು ತಡೆಯುವ ಎದುರು ವೋಲ್ಟೇಜು ಮೋಟಾರಿನಲ್ಲಿ ಇನ್ನೂ ಹುಟ್ಟಿರುವುದಿಲ್ಲ, ವಿದ್ಯುತ್ತು ಮಿತಿಮೀರಿ ನುಗ್ಗುತ್ತದೆ. ಹಾಗಾಗಿ ಮೊದಲ ಹಂತದಲ್ಲಿ ಎರಡು ಮೋಟಾರುಗಳನ್ನು ಒಂದರ ಹಿಂದೆ ಒಂದು ಸೀರೀಸಿನಲ್ಲಿ ಜೋಡಿಸಿ, ನಡುವೆ ವಿದ್ಯುತ್ತಿನ ಹರಿವನ್ನು ತಡೆಯುವ ಎರಕದ ಕಬ್ಬಿಣದ ರೆಸಿಸ್ಟೆನ್ಸ್ ಗ್ರಿಡ್‌ಗಳನ್ನು ಇಟ್ಟಿರುತ್ತಾರೆ. ಹಿಡಿಕೆ ಮುಂದೆ ಸರಿದಂತೆ ಗ್ರಿಡ್‌ಗಳು ಒಂದೊಂದಾಗಿ ಹೊರಬೀಳುತ್ತವೆ. 4ನೇ ಹಂತದಲ್ಲಿ ರೆಸಿಸ್ಟೆನ್ಸ್ ಪೂರ್ತಿ ಹೋಗಿ, ತಲಾ 300 ವೋಲ್ಟಿನಲ್ಲಿ ಮೋಟಾರುಗಳು ಅರ್ಧ ವೇಗದಲ್ಲಿ ಓಡುತ್ತವೆ. 5ರಿಂದ ಮೋಟಾರುಗಳು ಅಕ್ಕಪಕ್ಕದ ಜೋಡಣೆಗೆ, ಅಂದರೆ ಪ್ಯಾರಲೆಲ್ಲಿಗೆ, ಬದಲಾಗಿ ಗ್ರಿಡ್‌ಗಳು ಮತ್ತೆ ಒಳಬರುತ್ತವೆ. 8ಕ್ಕೆ ಬಂದಾಗ ಎರಡಕ್ಕೂ ಪೂರ್ತಿ 600. ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದಾದ ಹಂತಗಳು 4 ಮತ್ತು 8 ಮಾತ್ರ. ಉಳಿದವು ದಾಟಿಹೋಗುವ ಮೆಟ್ಟಿಲುಗಳು. 2ರಲ್ಲೋ 6ರಲ್ಲೋ ಹಿಡಿಕೆ ಬಿಟ್ಟುಕೊಂಡು ಸಾಗಿದರೆ ಗ್ರಿಡ್ ಕೆಂಪಗೆ ಕಾದು ಬಿರುಕು ಬಿಡುತ್ತದೆ, ನೆಲದ ಹಲಗೆಯಿಂದ ಸುಟ್ಟ ವಾಸನೆ ಬರುತ್ತದೆ.

ಅವಸರಿಸಿದರೆ ಇನ್ನೊಂದು ತೊಂದರೆ. ತಲಾ 40 ಅಶ್ವಶಕ್ತಿಯ ಎರಡು ಮೋಟಾರು ಪೂರ್ತಿ ಹೊರೆಯಲ್ಲಿ ಸುಮಾರು 100 ಆಂಪಿಯರ್ ಎಳೆಯುತ್ತವೆ. ಹಂತಗಳನ್ನು ಸರಸರ ದಾಟಿದರೆ ಅದರ ಮೇಲೆಯೂ ಹೋಗಿ, ಚಾಲಕನ ತಲೆಯ ಮೇಲಿರುವ ಬ್ರೇಕರ್ 'ಢಂ' ಎಂದು ಬಿದ್ದು ವಿದ್ಯುತ್ತನ್ನು ಕಡಿಯುತ್ತದೆ. ಕೆಳಗೆ ಗಾಲಿ ನಿಂತಲ್ಲೇ ಗಿರ್ರನೆ ತಿರುಗುವುದೂ ಉಂಟು. ಪವರ್ ತೆಗೆಯುವಾಗಿನ ನಿಯಮ ಇದಕ್ಕೆ ಪೂರಾ ಉಲ್ಟಾ. ಒಂದೊಂದೇ ಹಂತ ಇಳಿಸಬಾರದು, ಒಂದೇ ಬೀಸಿಗೆ ಸೊನ್ನೆಗೆ ತರಬೇಕು. ಮನೆಯ ಎ.ಸಿ. ವಿದ್ಯುತ್ತು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಅದರ ಕಿಡಿ ತಾನಾಗಿ ಆರುತ್ತದೆ. ಡಿ.ಸಿ.ಗೆ ಆ ಗುಣವಿಲ್ಲ. ನಿಧಾನವಾಗಿ ಬೇರ್ಪಡಿಸಿದರೆ ಕಿಡಿ ಎಳೆಎಳೆಯಾಗಿ ಹಿಗ್ಗಿ ಕಂಟ್ರೋಲರಿನ ತಾಮ್ರದ ಬೆರಳುಗಳನ್ನೇ ಕರಗಿಸುತ್ತದೆ. ಒಳಗೆ ಒಂದು ಕಾಯಿಲ್ ಅಯಸ್ಕಾಂತದ ಬಲದಿಂದ ಆ ಕಿಡಿಯನ್ನು ಊದಿ ಆರಿಸುವ ವ್ಯವಸ್ಥೆ ಇದೆ, ಆದರೆ ನಿಧಾನದ ಕೈಯನ್ನು ಅದು ಎಷ್ಟೆಂದು ಕಾಪಾಡೀತು?

ಬ್ರೇಕಿನ ಕಥೆ ಇನ್ನೂ ಚೆನ್ನಾಗಿದೆ. ಹಿಡಿಕೆಯನ್ನು ಸೊನ್ನೆಯಿಂದ ಹಿಂದಕ್ಕೆ ತಿರುಗಿಸಿದರೆ ಮೋಟಾರುಗಳೇ ಜನರೇಟರಾಗುತ್ತವೆ. ಗಾಡಿಯ ಓಟವೇ ವಿದ್ಯುತ್ತಾಗಿ, ಅದೇ ಗ್ರಿಡ್‌ಗಳಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ತಂತಿಯಲ್ಲಿ ಕರೆಂಟ್ ಹೋದರೂ ಇದು ಹಿಡಿಯುತ್ತದೆ. ಆದರೆ ವೇಗ ಇಳಿದಂತೆ ಹಿಡಿತವೂ ಇಳಿಯುತ್ತದೆ, ನಿಂತ ಗಾಡಿಯನ್ನಂತೂ ಇದು ಹಿಡಿದಿಡಲಾರದು. ಆದ್ದರಿಂದ ಕೊನೆಯ ಕೆಲವು ಗಜ ಕೈಬ್ರೇಕಿನದು. ಇಳಿಜಾರಿನಲ್ಲಿ ನಿಲ್ಲಿಸಿದಾಗ ಕೈಬ್ರೇಕಿನ ಹಲ್ಲುಗಾಲಿಗೆ ಕಾಲಿನಿಂದ ಕೊಕ್ಕೆ ಸಿಕ್ಕಿಸದೆ ಚಾಲಕ ಜಾಗ ಬಿಡುವಂತಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಒದ್ದೆ ಎಲೆ ಬಿದ್ದ ಹಳಿಯ ಮೇಲೆ ಗಟ್ಟಿಯಾಗಿ ಬ್ರೇಕ್ ಹಾಕಿ ಗಾಲಿ ಕಚ್ಚಿಕೊಂಡರೆ ಮೋಟಾರು ತಿರುಗುವುದಿಲ್ಲ. ಮೋಟಾರು ತಿರುಗದಿದ್ದರೆ ವಿದ್ಯುತ್ತಿಲ್ಲ, ವಿದ್ಯುತ್ತಿಲ್ಲದಿದ್ದರೆ ಈ ಬ್ರೇಕೇ ಇಲ್ಲ. ಗಾಡಿ ಜಾರುತ್ತಲೇ ಹೋಗುತ್ತದೆ. ಆಗ ಮನಸ್ಸು ಬ್ರೇಕನ್ನು ಇನ್ನಷ್ಟು ಒತ್ತು ಎನ್ನುತ್ತದೆ, ಮಾಡಬೇಕಾದದ್ದು ಬಿಡುವುದು. ಬ್ರೇಕ್ ಬಿಟ್ಟು, ಗಾಲಿ ತಿರುಗಲು ಬಿಟ್ಟು, ಕಾಲಿನಿಂದ ಮರಳಿನ ಪೆಡಲು ಒತ್ತಿ, ಮತ್ತೆ ಹದವಾಗಿ ಹಾಕಬೇಕು. ಪುಸ್ತಕ ಓದಿ ಇದು ಬರುವುದಿಲ್ಲ, ಜೊತೆಯಲ್ಲಿ ನಿಂತ ಹಳಬರಿಂದ ಕೈಗೆ ಕೈ ಕಲಿಯಬೇಕು. ಗಾಡಿಗಳನ್ನು ನಿಲ್ಲಿಸಿಬಿಟ್ಟರೆ ಒಂದೇ ತಲೆಮಾರಿನಲ್ಲಿ ಈ ಕೈಚಳಕ ಅಳಿಯುತ್ತದೆ.

ಮರಳಿನ ಬಗ್ಗೆಯೂ ಹೇಳಬೇಕು. ಅದು ಒಣಗಿರಬೇಕು. ಚೂರು ತೇವವಿದ್ದರೂ ಕೊಳವೆಯಲ್ಲಿ ಗಂಟುಕಟ್ಟಿ, ಬೇಕಾದ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ. ಅದಕ್ಕಾಗಿಯೇ ಟ್ರ್ಯಾಮ್ ಡಿಪೋಗಳಲ್ಲಿ ಮರಳನ್ನು ಒಲೆಯ ಮೇಲೆ ಹುರಿದು ಜರಡಿ ಹಿಡಿಯುತ್ತಿದ್ದರು. ಹಾಗೆಂದು ಧಾರಾಳವಾಗಿ ಸುರಿದರೂ ಕೆಡುಕೇ. ಮರಳು ವಿದ್ಯುತ್ತನ್ನು ಹರಿಯಗೊಡದು. ನಾಲ್ಕೇ ಗಾಲಿಯ ಸಣ್ಣ ಗಾಡಿ ದಪ್ಪ ಮರಳಿನ ಮೇಲೆ ನಿಂತರೆ ಹಳಿಯ ಸಂಪರ್ಕ ಕಡಿದು, ಮೇಲೆ 600 ವೋಲ್ಟ್ ಇದ್ದೂ ಕದಲುವುದಿಲ್ಲ.

ಓಡಿಸಿದರೆ ಸವೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸವೆಯುತ್ತದೆ. ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ದಾಟಿಸುವ ಕಾರ್ಬನ್ ಬ್ರಷ್, ಬ್ರೇಕ್ ಕಟ್ಟೆ, ಟ್ರಾಲಿಯ ಗಾಲಿ ಎಲ್ಲವೂ. ಆದರೆ ಇವನ್ನು ಮೊದಲಿನಿಂದಲೂ ಸವೆಯಲೆಂದೇ, ಬದಲಿಸಲೆಂದೇ ಮಾಡಿದ್ದು. ನಿಲ್ಲಿಸಿಟ್ಟರೆ ಹಾಳಾಗುವುದು ಬದಲಿಸಲಾಗದ ಭಾಗಗಳು. ಮೋಟಾರಿನ ಸುರುಳಿಗಳಿಗೆ ಸುತ್ತಿರುವುದು ಹತ್ತಿಯ ಪಟ್ಟಿ, ಅಭ್ರಕ, ವಾರ್ನಿಷ್. ಡರ್ಬಿಶೈರಿನ ಚಳಿಗಾಲದಲ್ಲಿ ಹತ್ತಿ ತೇವ ಹೀರುತ್ತದೆ. ಓಡುವ ಮೋಟಾರು ತನ್ನ ಬಿಸಿಯಲ್ಲಿ ತಾನೇ ಒಣಗಿಕೊಳ್ಳುತ್ತದೆ, ನಿಂತದ್ದಕ್ಕೆ ಆ ದಾರಿಯಿಲ್ಲ. ಬಹಳ ದಿನ ನಿಂತ ಗಾಡಿಗೆ ವಿದ್ಯುತ್ ಕೊಡುವ ಮೊದಲು 500 ವೋಲ್ಟಿನ ಮೆಗ್ಗರ್ ಎಂಬ ಅಳತೆಯಂತ್ರ ಹಿಡಿದು ಇನ್ಸುಲೇಷನ್ ನೋಡಬೇಕು. 1 ಮೆಗಾಓಮಿಗಿಂತ ಕಡಿಮೆ ತೋರಿಸಿದರೆ ತಂತಿಗೆ ಜೋಡಿಸುವ ಮಾತೇ ಇಲ್ಲ. ಮೊದಲು ಹದವಾದ ಶಾಖದಲ್ಲಿ ಒಣಗಿಸಬೇಕು, ಮತ್ತೆ ಅಳೆಯಬೇಕು. ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಉರುಳೆಗೆ ಕಮ್ಯುಟೇಟರ್ ಎಂದು ಹೆಸರು. ಅದರ ಮುಚ್ಚಳ ತೆಗೆದು ನೋಡಿದರೆ ಆರೋಗ್ಯವಂತ ಮೋಟಾರಿನಲ್ಲಿ ತಾಮ್ರದ ಮೇಲೆ ಒಂದೇ ಸಮನಾದ ಕಂದು ಹೊಳಪು ಕಾಣುತ್ತದೆ. ಆ ಪದರ ಬರುವುದು ಬ್ರಷ್ ಉಜ್ಜುತ್ತ ಓಡಿದಾಗ ಮಾತ್ರ. ಕೆಲವೇ ಪಟ್ಟಿಗಳು ಕಪ್ಪಗೆ ಸುಟ್ಟಿದ್ದರೆ ಸುರುಳಿಯಲ್ಲೋ ಬೆಸುಗೆಯಲ್ಲೋ ದೋಷವಿದೆ ಎಂದರ್ಥ.

ಎಣ್ಣೆಯ ವಿಷಯದಲ್ಲಿ ಉದಾಸೀನ ಮಾಡಿದರೆ ಮೋಟಾರೇ ಹೋಗುತ್ತದೆ. ಹಳೆಯ ಮೋಟಾರುಗಳಲ್ಲಿ ಆರ್ಮೇಚರ್, ಅಂದರೆ ತಿರುಗುವ ಭಾಗ, ಕೂತಿರುವುದು ವೈಟ್‌ಮೆಟಲ್ ಬೇರಿಂಗಿನ ಮೇಲೆ. ಅದರ ಕೆಳಗಿನ ಗೂಡಿನಲ್ಲಿ ಎಣ್ಣೆಯಲ್ಲಿ ನೆನೆಸಿದ ಉಣ್ಣೆ ನೂಲನ್ನು ತುರುಕಿರುತ್ತಾರೆ. ದೀಪದ ಬತ್ತಿ ಎಣ್ಣೆ ಏರಿಸುವ ಹಾಗೆ ಅದು ದಂಡಕ್ಕೆ ಎಣ್ಣೆ ಸವರುತ್ತ ಇರುತ್ತದೆ. ನೂಲು ಗಟ್ಟಿಯಾಗಿ ಹೊಳಪುಗಟ್ಟಿದರೆ ಎಣ್ಣೆ ಏರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಗೂಡು ತುಂಬಿಯೇ ಕಾಣುತ್ತದೆ! ಬೇರಿಂಗ್ ಸವೆದು ಆರ್ಮೇಚರ್ ಕೂದಲೆಳೆಯಷ್ಟಾಗಿ ಕೆಳಗಿಳಿಯುತ್ತ ಹೋಗಿ, ಒಂದು ದಿನ ಕೆಳಗಿನ ಅಯಸ್ಕಾಂತದ ಪೋಲಿಗೆ ಉಜ್ಜುತ್ತದೆ. ಅಲ್ಲಿಗೆ ಸುರುಳಿಗಳು ಹರಿದುಹೋದವು. ಅದಕ್ಕೇ ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ಹಿಡಿದು ಆರ್ಮೇಚರಿನ ಅಡಿಯ ಸಂದನ್ನು ಅಳೆದು ಬರೆದಿಡುವುದು. ಪುಸ್ತಕದಲ್ಲಿನ ಅಂಕಿ ಸಣ್ಣದಾಗುತ್ತ ಬಂದರೆ ಹೇಳುವವರಿಲ್ಲದೆಯೇ ಗೊತ್ತಾಗುತ್ತದೆ.

ಗಾಲಿಗೆ ಉಕ್ಕಿನ ಪಟ್ಟಾ ಕೂರಿಸುವ ಬಗೆ ನಮ್ಮ ಊರ ಕಮ್ಮಾರರಿಗೆ ಹೊಸದಲ್ಲ. ಎತ್ತಿನ ಗಾಡಿಯ ಗಾಲಿಗೆ ಮಾಡುವಂತೆಯೇ ಪಟ್ಟಾವನ್ನು ಕಾಯಿಸಿ ಹಿಗ್ಗಿಸಿ, ಗಾಲಿಯ ಮೇಲೆ ಇಳಿಸಿ, ಆರಿ ಕುಗ್ಗಿ ಕಚ್ಚಿಕೊಳ್ಳಲು ಬಿಡುವುದು. ವ್ಯತ್ಯಾಸ ಅಳತೆಯ ಬಿಗಿಯಲ್ಲಿ ಮಾತ್ರ. ಒಂದು ಮೀಟರ್ ವ್ಯಾಸಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟು ಚಿಕ್ಕದಾಗಿ ಪಟ್ಟಾವನ್ನು ಕೊರೆದಿರುತ್ತಾರೆ. ಗಾಡಿ ಓಡುವಾಗ 'ಟಕ್ ಟಕ್' ಎಂದು ಲಯ ತಪ್ಪದೆ ಸದ್ದು ಬಂದರೆ ಎಂದೋ ಜಾರಿದಾಗ ಗಾಲಿ ಒಂದು ಕಡೆ ಚಪ್ಪಟೆಯಾಗಿದೆ ಎಂದು ತಿಳಿಯಿರಿ. ಅದನ್ನು ಲೇತಿನಲ್ಲಿ ಸರಿಮಾಡಬೇಕು, ಪ್ರತಿ ಸಲವೂ ಪಟ್ಟಾದ ದಪ್ಪ ಕರಗುತ್ತದೆ.

ಮರದ ದೇಹದ ಕಷ್ಟ ಬೇರೆ. ಗುಜರಿಗೆ ಹೋಗದ ಗಾಡಿಗಳ ಒಡಲುಗಳು ತೋಟದ ಮನೆಯಾಗಿ, ಕೋಳಿಗೂಡಾಗಿ ಉಳಿದುಕೊಂಡವು. ಕ್ರೈಚಿನಲ್ಲಿರುವ ಲೆಸ್ಟರ್ 76 ಒಂದು ಕಾಲಕ್ಕೆ ಕ್ರಿಕೆಟ್ ಮೈದಾನದ ಪೆವಿಲಿಯನ್ ಆಗಿತ್ತು. ಇಂಥವನ್ನು ತಂದಾಗ ಮೊದಲು ನೋಡಬೇಕಾದದ್ದು ಛಾವಣಿಯ ಕ್ಯಾನ್ವಾಸ್. ಅದರಲ್ಲೊಂದು ಬಿರುಕಿದ್ದರೆ ನೀರು ಮೂಲೆಗಂಬದೊಳಗೆ ಇಳಿದು, ಎಲ್ಲಕ್ಕಿಂತ ಕೆಳಗಿನ ಉದ್ದತೊಲೆಯಲ್ಲಿ ನಿಲ್ಲುತ್ತದೆ. ಮೇಲೆ ಬಣ್ಣ ನೆಟ್ಟಗಿದ್ದರೂ ಸ್ಕ್ರೂಡ್ರೈವರ್ ತುದಿ ಚುಚ್ಚಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ; ಒಳಗೆಲ್ಲ ಕುಂಬು. ಕುಂಬಾದಷ್ಟನ್ನೇ ಕತ್ತರಿಸಿ, ಅದೇ ಜಾತಿಯ ಮರವನ್ನು ಓರೆಜೋಡಣೆಯಲ್ಲಿ ಸೇರಿಸಿ, ಎಲ್ಲಿ ಹೊಸದು ಎಲ್ಲಿ ಹಳೆಯದು ಎಂದು ಫೋಟೋ ಸಮೇತ ದಾಖಲಿಸಬೇಕು. ಹಳೆಯ ಬಣ್ಣವನ್ನು ಒಣ ಮರಳುಕಾಗದದಿಂದ ಉಜ್ಜಲೇಬಾರದು, ಅದರಲ್ಲಿ ಸೀಸವಿರುತ್ತದೆ. ಹಳೆಯ ಕಂಟ್ರೋಲರಿನೊಳಗಿನ ಕಿಡಿತಡೆಗಳಲ್ಲಿ ಕಲ್ನಾರು ಇರಬಹುದು, ಅದನ್ನು ತರಬೇತಿ ಪಡೆದವರಲ್ಲದೆ ಬೇರೆಯವರು ಮುಟ್ಟಬಾರದು. ಮೂಲ ಬಣ್ಣ, ಮೂಲ ಮರ ಹಾಗೇ ಉಳಿದ ಗಾಡಿ ಸಿಕ್ಕರೆ ಮಾತ್ರ ನಮ್ಮ ವಾದವನ್ನು ನಾವೇ ಸಡಿಲಿಸಬೇಕು. ಅಂಥದ್ದನ್ನು ಓಡಿಸದೆ, ಬೆಚ್ಚಗಿನ ಒಣ ಶೆಡ್ಡಿನಲ್ಲಿ ಇಡುವುದೇ ಸರಿ.

ಹೋಗುವವರಿಗೆ ಕೆಲವು ಮಾತು. ರೈಲಿನಲ್ಲಿ ಬರುವವರು ವಾಟ್‌ಸ್ಟ್ಯಾಂಡ್‌ವೆಲ್ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಸುಮಾರು ಒಂದು ಮೈಲಿ, ಎಲ್ಲ ಏರು. ವಯಸ್ಸಾದವರಿದ್ದರೆ ಕಾರೇ ವಾಸಿ. ಗಾಲಿಕುರ್ಚಿಯವರಿಗೆ ಬರ್ಲಿನ್ನಿನ ಒಂದು ಗಾಡಿಯನ್ನು ಲಿಫ್ಟ್ ಸಮೇತ ಅಣಿಗೊಳಿಸಿದ್ದಾರೆ. ಅದು ಅಂದು ಓಡುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಛಾವಣಿಯಿಲ್ಲದ ಮೇಲಂತಸ್ತಿನಲ್ಲಿ ಜುಲೈಯಲ್ಲೂ ಗಾಳಿ ಕೊರೆಯುತ್ತದೆ, ಮಕ್ಕಳಿಗೆ ಜಾಕೆಟ್ ಇರಲಿ. ಒಂದು ಸುತ್ತು ಮೇಲೆ ಕೂತು ನೋಡಿದ ಮೇಲೆ ಎರಡನೇ ಸುತ್ತಿಗೆ ಕೆಳಗೆ, ಚಾಲಕನ ಬೆನ್ನಿಗೆ ಹತ್ತಿರ ಕೂರಿಸಿ. ಹಿಡಿಕೆಯ ಹಂತಗಳನ್ನು ಮಕ್ಕಳೇ ಎಣಿಸಲಿ. ನಡುವೆ ಒಂದೆಡೆ ಚಾಲಕ ಕಾರಣವಿಲ್ಲದೆ ಪವರ್ ತೆಗೆದಂತೆ ಕಾಣುತ್ತದೆ. ಆಗ ಮೇಲೆ ನೋಡಿದರೆ ತಂತಿಯ ಎರಡು ಭಾಗಗಳನ್ನು ಬೇರ್ಪಡಿಸುವ ಇನ್ಸುಲೇಟರ್ ಕಾಣಬಹುದು. ಪವರ್ ಎಳೆಯುತ್ತಲೇ ಅದರಡಿ ಹಾದರೆ ಕಿಡಿ ಹಾರಿ ಅದು ಸುಟ್ಟುಹೋಗುತ್ತದೆ.

ದಾರಿಯ ಕೊನೆ ಗ್ಲೋರಿ ಮೈನ್. ಅಲ್ಲಿ ಎಲ್ಲರೂ ಕಣಿವೆಯ ನೋಟಕ್ಕೆ ಮುಖ ಮಾಡುತ್ತಾರೆ, ನೀವು ಕಂಡಕ್ಟರನ್ನು ನೋಡಿ. ಟ್ರಾಲಿ ಯಾವಾಗಲೂ ಗಾಡಿಯ ಹಿಂದೆ ಬಾಗಿರಬೇಕು, ಮುಂದಕ್ಕೆ ತಳ್ಳಿಕೊಂಡು ಹೋದರೆ ತಂತಿ ತಪ್ಪಿ ಮೇಲಕ್ಕೆ ಚಿಮ್ಮಿ ಆಧಾರತಂತಿಗಳನ್ನು ಹರಿಯುತ್ತದೆ. ಆದ್ದರಿಂದ ದಿಕ್ಕು ಬದಲಾದಾಗೆಲ್ಲ ಕಂಡಕ್ಟರ್ ಹಗ್ಗ ಹಿಡಿದೋ ಉದ್ದನೆಯ ಬಿದಿರ ಗಳೆಗೆ ಕೊಕ್ಕೆ ಸಿಕ್ಕಿಸಿಯೋ ಅದನ್ನು ಕೆಳಗೆಳೆದು, ಗಾಡಿಯ ಸುತ್ತ ಅರ್ಧ ಸುತ್ತು ನಡೆದು, ತಲೆಯೆತ್ತಿ ಗುರಿಯಿಟ್ಟು, ಸುಮಾರು 6 ಮೀಟರ್ ಎತ್ತರದ ತಂತಿಗೆ ಮತ್ತೆ ಕೂರಿಸುತ್ತಾರೆ. ಅಷ್ಟರಲ್ಲಿ ಚಾಲಕ ದಿಕ್ಕಿನ ಕೀಲಿಯನ್ನು ಕಿತ್ತುಕೊಂಡು ಇನ್ನೊಂದು ತುದಿಗೆ ಹೋಗಿರುತ್ತಾರೆ. ಮುಖ್ಯ ಹಿಡಿಕೆ ಸೊನ್ನೆಯಲ್ಲಿ ಇಲ್ಲದಿದ್ದರೆ ಆ ಕೀಲಿ ಹೊರಗೆ ಬರುವುದೇ ಇಲ್ಲ. ಟ್ರಾಲಿ ತಂತಿಗೆ ಸೇರಿದ ಕ್ಷಣ ಒಳಗಿನ ದೀಪಗಳು ಹೊತ್ತುತ್ತವೆ, ಎರಡು ಗಂಟೆ ಬಾರಿಸಿದರೆ ಹೊರಡಬಹುದು ಎಂದರ್ಥ.