ನೇತ್ರಾಣಿಯ ಹವಳದ ಮೇಲೆ ಲಂಗರು ಬೀಳದಿರಲಿ: ಪರಿಸರ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ ಸಚಿವರಿಗೆ ವಂದನೆಗಳು.

ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ದೋಣಿಯಲ್ಲಿ ತಲುಪಬಹುದಾದ ನೇತ್ರಾಣಿ ದ್ವೀಪವು ನಮ್ಮ ರಾಜ್ಯದ ಕಡಲಿನಲ್ಲಿ ಹವಳ ಕಾಣಸಿಗುವ ಕೆಲವೇ ತಾಣಗಳಲ್ಲಿ ಒಂದು. ಅಲ್ಲಿಗೆ ಪ್ರವಾಸಿಗರನ್ನು ಕರೆದೊಯ್ದ ದೋಣಿಯೊಂದು ಹವಳದ ಬಂಡೆಗಳ ಮೇಲೆಯೇ ಲಂಗರು ಇಳಿಸಿ, ಹೊರಡುವಾಗ ಅದನ್ನು ಎಳೆದುಕೊಂಡು ಹೋದುದನ್ನು ಕಣ್ಣಾರೆ ಕಂಡ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ಹವಳದ ಜೀವಿಯ ಮೈಯೊಳಗೆ ಸೂಕ್ಷ್ಮ ಪಾಚಿಯೊಂದು ನೆಲೆಸಿರುತ್ತದೆ. ಬಿಸಿಲಿನ ಬಲದಿಂದ ಅದು ತಯಾರಿಸುವ ಆಹಾರದಲ್ಲೇ ಹವಳ ಬಹುಮಟ್ಟಿಗೆ ಬದುಕುತ್ತದೆ. ನೀರಿನ ತಾಪ ಬೇಸಿಗೆಯ ವಾಡಿಕೆಯ ಗರಿಷ್ಠ ಮಟ್ಟಕ್ಕಿಂತ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿ ಕೆಲವು ವಾರ ಹಾಗೆಯೇ ನಿಂತರೆ, ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಹವಳ ಆಗಲೇ ಸತ್ತಿರುವುದಿಲ್ಲ, ಉಪವಾಸ ಬಿದ್ದಿರುತ್ತದೆ. ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು (ಸರಕು ಸಾಗಿಸುವ ಹಡಗುಗಳು) ದಿನಸಿ ಹೊತ್ತು ಹೋಗುವ ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗೆ ಹವಳ ವ್ಯಾಪಕವಾಗಿ ಬಿಳಿಚಿತು. ಎರಡು ಆಘಾತಗಳ ನಡುವೆ ಚೇತರಿಸಿಕೊಳ್ಳಲು ಸಿಗುವ ಬಿಡುವು ಮೊದಲಿಗಿಂತ ಕಿರಿದಾಗಿದೆ. ಗುಂಡು ಬಂಡೆಯಂತೆ ಬೆಳೆಯುವ ಹವಳವಾದರೋ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ.

ಕಡಲಿನ ತಾಪವನ್ನು ತಗ್ಗಿಸುವುದು ತಮ್ಮ ಇಲಾಖೆಯೊಂದರಿಂದ ಆಗುವ ಕೆಲಸವಲ್ಲವೆಂಬುದನ್ನು ಬಲ್ಲೆ. ಆದರೆ ಲಂಗರನ್ನು ತಡೆಯುವುದು ಖಂಡಿತ ಆಗುವ ಕೆಲಸ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿಯ ಜೊತೆಗೆ ಕಲ್ಲುಹವಳವೂ ಇದೆ. ಹುಲಿಯ ಮೈಮೇಲೆ ಕಬ್ಬಿಣ ಎಸೆದವನನ್ನು ಯಾರೂ ಸುಮ್ಮನೆ ಬಿಡುತ್ತಿರಲಿಲ್ಲ. (ಇದೇ ದ್ವೀಪವನ್ನು ಹಿಂದೆ ನೌಕಾಪಡೆಯ ಗುರಿ ಅಭ್ಯಾಸಕ್ಕೆ ಬಳಸಿಕೊಂಡದ್ದನ್ನು ಊರಿನ ಹಿರಿಯರು ಇನ್ನೂ ಮರೆತಿಲ್ಲ.)

ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಹವಳವಿಲ್ಲದ ಮರಳುತಳದಲ್ಲಿ ಭದ್ರವಾಗಿ ಬಿಗಿದ, ಮೇಲೆ ತೇಲುವ ಬೋಯ್‌ಗಳನ್ನು ಇಲಾಖೆಯೇ ಹಾಕಿಸಲಿ, ಪ್ರವಾಸಿ ದೋಣಿಗಳು ಅವುಗಳಿಗೆ ಹಗ್ಗ ಕಟ್ಟಿ ನಿಲ್ಲಬೇಕೆಂಬುದು ಪರವಾನಗಿಯ ಷರತ್ತಾಗಲಿ, ನೀರು ಅತಿಯಾಗಿ ಕಾಯುವ ಏಪ್ರಿಲ್–ಮೇ ತಿಂಗಳಲ್ಲಿ ಮುಳುಗುಗಾರರ ಸಂಖ್ಯೆಗೆ ಮಿತಿಯಿರಲಿ. ಜಾಗ ಗುರುತಿಸುವ ಕೆಲಸಕ್ಕೆ ಮುರ್ಡೇಶ್ವರ, ಅಳ್ವೆಕೋಡಿ, ತೆಂಗಿನಗುಂಡಿಯ ಮೀನುಗಾರರನ್ನು ಮೊದಲು ಕರೆಯಬೇಕು. ದ್ವೀಪದ ದೈವಕ್ಕೆ ಹರಕೆ ಹೊತ್ತುಕೊಂಡು ತಲೆಮಾರುಗಳಿಂದ ಹೋಗಿಬರುತ್ತಿರುವ ಅವರಿಗೆ ಯಾವ ಬಂಡೆಯ ಬಳಿ ನೀರಿನ ಸೆಳೆತ ಹೇಗಿದೆ, ಎಲ್ಲಿ ಮೀನು ನಿಲ್ಲುತ್ತದೆ ಎಂಬುದು ನಕ್ಷೆ ನೋಡದೆಯೇ ಗೊತ್ತು. ಅವರನ್ನು ಹೊರಗಿಟ್ಟು ಮಾಡಿದ ಸಂರಕ್ಷಣೆ ಕಾಗದದಲ್ಲೇ ಉಳಿಯುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಅವಧಿಯಲ್ಲಿ ಭಟ್ಕಳದಲ್ಲೇ ಸಭೆ ಕರೆಯಲು ಅನುಕೂಲ. ಮಳೆಗಾಲ ಕಳೆದು ಕಡಲು ಶಾಂತವಾಗುವ ಅಕ್ಟೋಬರ್‌ನಲ್ಲಿ, ಪ್ರವಾಸಿ ದೋಣಿಗಳು ಹೊರಡುವ ಮೊದಲೇ, ಬೋಯ್‌ಗಳು ನೀರಿಗಿಳಿಯುವಂತೆ ಆದೇಶಿಸಬೇಕೆಂದು ವಿನಂತಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಉತ್ತರ ಕನ್ನಡದ ಒಬ್ಬ ನಾಗರಿಕ