ಪುಟ್ಟಿಯ ಭಾಷಣಕ್ಕೆ ಮಾವನ ತಿದ್ದುಪಡಿ

ಮಂಡ್ಯ

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಚರ್ಚಾಸ್ಪರ್ಧೆಗೆ ನೀನು ಬರೆದ ಭಾಷಣ ಓದಿದೆ. 'ನಮ್ಮ ಸರ್ಕಾರ 2025ರಲ್ಲಿ ಶಿಕ್ಷಣದ ದುಡ್ಡು ಕಡಿತ ಮಾಡಿತು' ಅಂತ ಶುರು ಮಾಡಿದ್ದೀಯ. ಸಿಟ್ಟು ಸರಿ, ಲೆಕ್ಕ ಸರಿಯಿಲ್ಲ. ಎದುರು ವಾದ ಮಾಡುವ ಮಾನಸಗಂಗೋತ್ರಿಯ (ಮೈಸೂರು ವಿಶ್ವವಿದ್ಯಾಲಯದ) ಹುಡುಗರು ಅಲ್ಲೇ ಹಿಡಿದುಕೊಳ್ಳುತ್ತಾರೆ ನೋಡು.

2024-25ರಲ್ಲಿ ಕರ್ನಾಟಕದ ಬಜೆಟ್ಟು 3,71,383 ಕೋಟಿ. ಶಿಕ್ಷಣಕ್ಕೆ ಇಟ್ಟಿದ್ದು 44,422 ಕೋಟಿ. ಮರುವರ್ಷ ಒಟ್ಟು 4,09,549 ಕೋಟಿ, ಶಿಕ್ಷಣಕ್ಕೆ 45,286 ಕೋಟಿ. ದುಡ್ಡು 864 ಕೋಟಿ ಜಾಸ್ತಿಯೇ ಆಗಿದೆ. ಇಳಿದಿದ್ದು ಪಾಲು, ನೂರಕ್ಕೆ 12ರಿಂದ 11ಕ್ಕೆ. ಒಟ್ಟು ಬಜೆಟ್ಟು ನೂರಕ್ಕೆ 10ರಷ್ಟು ಊದಿಕೊಂಡಿತು, ಶಿಕ್ಷಣ 2ರಷ್ಟೂ ಬೆಳೆಯಲಿಲ್ಲ. ಮೇಷ್ಟ್ರುಗಳ ಸಂಬಳ, ಬಿಸಿಯೂಟದ ಬೇಳೆ ಎಲ್ಲ ಏರುವಾಗ ಅಷ್ಟು ಸಾಕಾ? ಹಾಗಾಗಿ 'ಕಡಿತ' ಅನ್ನಬೇಡ, 'ಹಿಂದೆ ಬಿತ್ತು' ಅನ್ನು.

ಪಾಲು ಇಳಿದ ಮಾತ್ರಕ್ಕೆ ತಪ್ಪು ಅಂತಲೂ ಅಲ್ಲ. ನಾವು ಬೋರ್‌ವೆಲ್ ಕೊರೆಸಿದ ವರ್ಷ ನೆನಪಿದೆಯಾ? ಹುಡುಗನ ಫೀಸಿನಲ್ಲಿ ಒಂದು ರೂಪಾಯಿ ಕಮ್ಮಿ ಮಾಡಿರಲಿಲ್ಲ. ಆದರೂ ಆ ವರ್ಷ ಮನೆ ಖರ್ಚಿನಲ್ಲಿ ಓದಿನ ಪಾಲು ಅರ್ಧಕ್ಕಿಳಿದಿತ್ತು. (ನೀರೂ ಬರಲಿಲ್ಲ. ನಿಮ್ಮತ್ತೆ ಈಗಲೂ ಹಂಗಿಸುತ್ತಾಳೆ.)

ಛೇದದಲ್ಲಿ, ಅಂದರೆ ಯಾವ ಒಟ್ಟು ಮೊತ್ತದಿಂದ ಭಾಗಿಸುತ್ತೀಯೋ ಅದರಲ್ಲಿ, ಏನಿದೆ ಅಂತಲೂ ನೋಡಬೇಕು. ಆ 4,09,549 ಕೋಟಿಯಲ್ಲಿ ಹಳೇ ಸಾಲದ ಅಸಲು ತೀರಿಸುವ 26,474 ಕೋಟಿಯೂ ಸೇರಿದೆ. ಅದನ್ನು ಬಿಟ್ಟು ಭಾಗಿಸು, ಶಿಕ್ಷಣದ ಪಾಲು 11.8 ಆಗುತ್ತದೆ! ಬಿಡುವುದಾದರೆ ಎರಡೂ ವರ್ಷದಲ್ಲಿ ಬಿಡು. ಗುಮಾಸ್ತನಾಗಿದ್ದಾಗ ನಾನು ಇಂಥದ್ದೇ ತಪ್ಪು ಮಾಡಿ, ಒಂದು ವರ್ಷದ ಅಂದಾಜಿನ ಪಕ್ಕ ಇನ್ನೊಂದು ವರ್ಷದ ನಿಜವಾದ ಖರ್ಚು ಇಟ್ಟು ಸಾಹೇಬರಿಂದ ಸರಿಯಾಗಿ ಬೈಸಿಕೊಂಡಿದ್ದೇನೆ.

ಇಲಾಖೆಯ ಹೆಸರನ್ನೂ ಪೂರ್ತಿ ನಂಬಬೇಡ. ಅಂಗನವಾಡಿ ಇರುವುದು ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿ. ಗೃಹಲಕ್ಷ್ಮಿಯ 2,000 ರೂಪಾಯಿಯೂ ಅಲ್ಲೇ. ಬಡ ಮಕ್ಕಳ ಹಾಸ್ಟೆಲ್ಲು ಸಮಾಜ ಕಲ್ಯಾಣದಲ್ಲಿ. ಇವೆಲ್ಲ ಓದಿನ ಖರ್ಚಾ, ಅಲ್ವಾ, ನೀನೇ ತೀರ್ಮಾನಿಸಿ ಮೊದಲೇ ಹೇಳಿಬಿಡು.

ಇನ್ನೂ ಗಟ್ಟಿ ವಾದ ಬೇಕಿದ್ದರೆ ಆರೋಗ್ಯ ಹಿಡಿ. ರಾಜ್ಯಗಳು ಬಜೆಟ್ಟಿನ ನೂರಕ್ಕೆ 8ಕ್ಕಿಂತ ಜಾಸ್ತಿ ಕೊಡಬೇಕು ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. 2025-26ರಲ್ಲಿ ನಮ್ಮದು 17,473 ಕೋಟಿ, ಅಂದರೆ 4ರ ಆಸುಪಾಸು.

ಭಾನುವಾರ ಬಾ, ಕೂತು ತಿದ್ದೋಣ. ಬರುವಾಗ ಕ್ಯಾಲ್ಕುಲೇಟರ್ ತಾ, ನನ್ನದರ ಸೆಲ್ಲು ಹೋಗಿದೆ.

ಇಂತಿ ನಿನ್ನ ಮಾವ