ಮಬ್ಬಾಗಿದೆ ಅಂತ ಬಿಯರ್‌ಗೆ ಅಂಕ ಕಳೆಯೋದು ಸರಿಯಾ?

ಮಾನ್ಯ ಸಂಪಾದಕರೇ,

ಕಳೆದ ವಾರದ ಪುರವಣಿಯಲ್ಲಿ ಬೆಂಗಳೂರಿನ ಕ್ರಾಫ್ಟ್ ಬಿಯರ್‌ಗಳಿಗೆ ನಕ್ಷತ್ರ ಕೊಟ್ಟು ಬರೆದ ಲೇಖನ ಓದಿದೆ. ಕನ್ನಡ ಪತ್ರಿಕೆಯಲ್ಲಿ ಬಿಯರ್ ಬಗ್ಗೆ ಮುಜುಗರ ಇಲ್ಲದೆ, ರುಚಿಯ ವಿಷಯವಾಗಿ ಬರೆದಿದ್ದು ಖುಷಿಯಾಯಿತು. ಆದರೆ ಫಿಲ್ಟರ್ ಮಾಡದ ಐಪಿಎಗೆ (ಇಂಡಿಯಾ ಪೇಲ್ ಏಲ್, ಹಾಪ್ಸ್ ಅನ್ನೋ ಹೂವಿನ ಘಮ, ಕಹಿ ಎದ್ದು ಕಾಣುವ ಬಿಯರ್) ಐದರಲ್ಲಿ ಎರಡೇ ನಕ್ಷತ್ರ ಕೊಟ್ಟು, ನೋಡೋಕೆ ಕದಡಿದಂತಿದೆ, ಜೊತೆಗೆ ಕಹಿ ಅಂತ ಕಾರಣ ಹೇಳಿದ್ದೀರಲ್ಲ, ಅದಕ್ಕೆ ನನ್ನ ತಕರಾರಿದೆ.

ಮೊದಲು ಮಬ್ಬಿನ ವಿಷಯ. ಲಾಗರ್, ಅಂದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ತಿಳಿ ಬಿಯರ್, ಕುಡಿದು ರೂಢಿಯಾದವರಿಗೆ ಬಿಯರ್ ಅಂದರೆ ಗ್ಲಾಸಿನ ಆ ಕಡೆ ಹಿಡಿದ ಬೆರಳು ಕಾಣಬೇಕು, ಅಷ್ಟು ತಿಳಿಯಾಗಿರಬೇಕು. ಹೇಜಿ ಐಪಿಎ, ಅಂದರೆ ಮಬ್ಬು ಐಪಿಎ, ಹಾಗಿರಲ್ಲ. ಬಾರ್ಲಿ ಮಾಲ್ಟ್ ಜೊತೆ ಓಟ್ಸ್, ಗೋಧಿ ಹಾಕಿರುತ್ತಾರೆ, ಅದರ ಪ್ರೋಟೀನ್ ಬಿಯರಿನಲ್ಲೇ ಉಳಿಯುತ್ತದೆ. ಆಮೇಲೆ ಹುದುಗುವಾಗಲೋ ಹುದುಗಿದ ಮೇಲೋ ಹಾಪ್ಸ್ ಅನ್ನು ಕುದಿಸದೆ ಹಾಗೇ ಟ್ಯಾಂಕಿಗೆ ಧಾರಾಳವಾಗಿ ಸುರಿಯುತ್ತಾರೆ. ಇದಕ್ಕೆ ಡ್ರೈ ಹಾಪಿಂಗ್ ಅಂತಾರೆ. ಹಾಪ್ಸ್‌ನ ಪಾಲಿಫಿನಾಲ್ ಅನ್ನೋ ಒಗರಿನ ಅಂಶ ಆ ಪ್ರೋಟೀನ್‌ಗೆ ಅಂಟಿಕೊಂಡು ತೇಲುತ್ತದೆ, ಮಬ್ಬು ಬರೋದು ಹೆಚ್ಚಾಗಿ ಇದರಿಂದ, ಬರೀ ಯೀಸ್ಟ್‌ನಿಂದಲ್ಲ. ಬಿಗಿಯಾಗಿ ಫಿಲ್ಟರ್ ಮಾಡಿದರೆ ಮಬ್ಬಿನ ಜೊತೆ ಪರಿಮಳವೂ ಒಂದಿಷ್ಟು ಹೋಗುತ್ತದೆ. ಕಬ್ಬಿನ ಹಾಲು ತಿಳಿಯಾಗಿಲ್ಲ ಅಂತ ಯಾರಾದರೂ ಗ್ಲಾಸ್ ವಾಪಸ್ ಕೊಡ್ತಾರಾ?

ಹಾಗಂತ ಎಲ್ಲ ಮಬ್ಬೂ ಒಳ್ಳೆಯದಲ್ಲ. ತಳದಲ್ಲಿ ಗಸಿ ಕೂತಿದ್ದರೆ, ಚೂರುಗಳು ಓಡಾಡುತ್ತಿದ್ದರೆ, ಬೆಣ್ಣೆ ವಾಸನೆಯೋ ಒದ್ದೆ ರಟ್ಟಿನ ವಾಸನೆಯೋ ಬಂದರೆ ಧಾರಾಳವಾಗಿ ಅಂಕ ಕಳೆಯಿರಿ, ನಾನೂ ಕಳೆಯುತ್ತೇನೆ.

ಹೇಜಿ ಐಪಿಎಗೆ ಹೆಸರು ತಂದಿದ್ದು ಅಮೆರಿಕದ ವರ್ಮಾಂಟ್ ರಾಜ್ಯದ ಹೆಡಿ ಟಾಪರ್. ವಾಟರ್‌ಬರಿ ಅನ್ನೋ ಊರಿನಲ್ಲಿ ಜಾನ್ ಕಿಮಿಚ್ ದಂಪತಿ ನಡೆಸುತ್ತಿದ್ದ 'ದಿ ಆಲ್ಕೆಮಿಸ್ಟ್' ಪಬ್‌ನ ಬಿಯರ್ ಅದು, 8% ಆಲ್ಕೋಹಾಲ್, ಫಿಲ್ಟರ್ ಇಲ್ಲ. 2011ರ ಆಗಸ್ಟ್‌ನಲ್ಲಿ ಐರೀನ್ ಚಂಡಮಾರುತದ ನೆರೆಗೆ ಪಬ್ ಹಾಳಾಯಿತು, ಆದರೆ ಅದೇ ವಾರ ಕ್ಯಾನ್ ತುಂಬುವ ಹೊಸ ಘಟಕ ಶುರುವಾಗಿ ಬಿಯರ್ ಉಳಿದುಕೊಂಡಿತು. ಕ್ಯಾನ್‌ನಿಂದಲೇ ಕುಡಿಯಿರಿ ಅಂತ ಅದರ ಮೇಲೇ ಬರೆದಿರುತ್ತದೆ. ಇದೊಂದನ್ನು ಮಾತ್ರ ನಾನು ಒಪ್ಪಲ್ಲ. ಕ್ಯಾನ್‌ನಿಂದ ಕುಡಿದರೆ ಮೂಗಿಗೆ ಏನು ಸಿಗುತ್ತೆ ಹೇಳಿ?

ಇನ್ನು ಅಂಕದ ಲೆಕ್ಕ. ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸುವ ಬಿಜೆಸಿಪಿ ಅನ್ನೋ ಸಂಸ್ಥೆಯ ಅಂಕಪಟ್ಟಿ 50ಕ್ಕೆ ಇದೆ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಹೇಗನಿಸುತ್ತದೆ ಅನ್ನೋದಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ನೋಡಿ, ನೋಟಕ್ಕೆ ಇರೋದೇ 3 ಅಂಕ, ಅದೂ ಆ ಬಗೆಯ ಬಿಯರ್ ಹೇಗಿರಬೇಕೋ ಹಾಗಿದೆಯಾ ಅಂತ ನೋಡಿ ಕೊಡೋದು. ಅವರ 2021ರ ಕೈಪಿಡಿಯಲ್ಲಿ ಹೇಜಿ ಐಪಿಎಗೆ ತನ್ನದೇ ಜಾಗ ಇದೆ. ಕಹಿ ಹದವಾಗಿರಬೇಕು, ಹಣ್ಣಿನ ಘಮ ಜಾಸ್ತಿ ಇರಬೇಕು, ಆಲ್ಕೋಹಾಲ್ 6ರಿಂದ 9% ಇರಬೇಕು ಅನ್ನೋದು ಅಲ್ಲಿನ ಅಳತೆ. ಅಂಥದ್ದನ್ನು ಲಾಗರ್ ಪಕ್ಕ ಇಟ್ಟು ಒಂದೇ ತಕ್ಕಡಿಯಲ್ಲಿ ತೂಗಿದರೆ ಎರಡಕ್ಕೂ ಅನ್ಯಾಯ.

ಸುಮ್ನೆ ದೂರಿದರೆ ಸಾಲದು ಅಂತ ಹೋದ ಶನಿವಾರ ನಮ್ಮ ಕಡೆಯ ಒಂದು ಮೈಕ್ರೋಬ್ರೂವರಿಗೆ ಹೋಗಿ ಅಲ್ಲಿನ ಹೇಜಿ ಐಪಿಎಗೆ ಇದೇ ಪಟ್ಟಿ ಹಿಡಿದು ಅಂಕ ಹಾಕಿದೆ. ಫ್ರೀಜರ್‌ನಿಂದ ತೆಗೆದ, ಹಿಮ ಕಟ್ಟಿದ ಮಗ್‌ನಲ್ಲಿ ತಂದುಕೊಟ್ಟರು. ಅಷ್ಟು ತಣ್ಣಗಿದ್ದರೆ ಪರಿಮಳ ಏಳೋದೇ ಇಲ್ಲ, ಹಾಗಾಗಿ ಒಂದು ಮಾಮೂಲಿ ವೈನ್ ಗ್ಲಾಸ್ ಕೇಳಿ ಅದಕ್ಕೆ ಸುರಿದುಕೊಂಡು ಸ್ವಲ್ಪ ಹೊತ್ತು ಬಿಟ್ಟೆ. ಪಕ್ಕದ ಟೇಬಲ್‌ನವರು ನೋಡಿ ನಕ್ಕರು, ನಗಲಿ. ಬಣ್ಣ ತಿಳಿ ಕಿತ್ತಳೆ, ಬಿಳಿ ನೊರೆ ಗ್ಲಾಸಿನ ಒಳಗೋಡೆಗೆ ಹಿಡಿದು ನಿಧಾನವಾಗಿ ಇಳಿಯಿತು. ಚಳಿ ಬಿಟ್ಟ ಮೇಲೆ ಮೊದಲು ಚಕ್ಕೋತದ ಸಿಪ್ಪೆ, ಆಮೇಲೆ ಮಾಗಿದ ಸೀಬೆ, ಮಾವು. ಬಾಯಿಗೆ ಮೆತ್ತಗೆ, ಅದು ಓಟ್ಸ್ ಮಹಿಮೆ. ಕಹಿ ಕೊನೆಯಲ್ಲಿ ಬಂತು, ಹದವಾಗಿತ್ತು. ಆದರೆ ನುಂಗಿದ ಮೇಲೆ ಗಂಟಲಲ್ಲಿ ಒಗರು ಒಗರಾಗಿ ಕೆರೆತ ಉಳಿಯಿತು. ಹಾಪ್ಸ್ ಚೂರು ಸರಿಯಾಗಿ ಕೆಳಗೆ ಕೂರುವ ಮೊದಲೇ ಟ್ಯಾಪ್‌ಗೆ ಬಿಟ್ಟರೆ ಹೀಗಾಗುತ್ತದೆ. ಪರಿಮಳ 10, ನೋಟ 3, ರುಚಿ 15, ಬಾಯಿಗೆ 4, ಒಟ್ಟಾರೆ 7. ಅಲ್ಲಿಗೆ 39. ಆ ಪಟ್ಟಿಯ ಪ್ರಕಾರ 38ರಿಂದ 44ರವರೆಗೆ 'ಎಕ್ಸಲೆಂಟ್' ದರ್ಜೆ. ಆ ಕೆರೆತ ಇಲ್ಲದಿದ್ದರೆ ಇನ್ನೂ ಎರಡು ಮೂರು ಜಾಸ್ತಿ ಕೊಡುತ್ತಿದ್ದೆ.

ಟ್ಯಾಪ್‌ಗೆ ಯಾವಾಗ ಬಿಟ್ಟಿದ್ದು ಅಂತ ಕೇಳಿದರೆ ಬಡಿಸಿದ ಹುಡುಗನಿಗೆ ಗೊತ್ತಿರಲಿಲ್ಲ. ಪಾಪ, ಅವನ ತಪ್ಪೇನೂ ಇಲ್ಲ, ಅವನಿಗೆ ಯಾರೂ ಹೇಳಿರಲ್ಲ. ನನ್ನ ಪ್ರಕಾರ ಕೇಳಬೇಕಾದ ಮುಖ್ಯ ಪ್ರಶ್ನೆ ಅದೇ. ಹಾಪ್ಸ್ ಘಮ ಬೇಗ ಆರಿಹೋಗುತ್ತದೆ, ಗಾಳಿ ತಾಗಿದರೆ ಬಿಯರ್ ಬಣ್ಣ ಕಂದು ತಿರುಗುತ್ತದೆ, ಹಣ್ಣಿನ ರುಚಿ ಹೋಗಿ ಸಪ್ಪೆ ಸಿಹಿ ಉಳಿಯುತ್ತದೆ. ಕೆಲವೇ ವಾರಗಳ ಆಟ ಇದು. ನಿಮ್ಮ ಲೇಖಕರು ಕುಡಿದಿದ್ದು ಹೊಸದೋ ಹಳೆಯದೋ ಯಾರಿಗೆ ಗೊತ್ತು?

ಐಪಿಎ ಭಾರತಕ್ಕಾಗಿಯೇ ಕಂಡುಹಿಡಿದ ಬಿಯರ್ ಅಂತಲೂ ಲೇಖನದಲ್ಲಿತ್ತು. ಈ ಕತೆ ಎಲ್ಲ ಕಡೆ ಓಡಾಡುತ್ತದೆ, ಆದರೆ ಪೂರ್ತಿ ನಿಜವಲ್ಲ. ಪೇಲ್ ಏಲ್ ಅನ್ನೋ ತಿಳಿ ಬಣ್ಣದ ಬಿಯರ್ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ಲಂಡನ್ನಿನ ಬೋ ಅನ್ನೋ ಕಡೆ ಹಾಡ್ಸನ್ ಅವರ ಬ್ರೂವರಿ ಇತ್ತು, ಈಸ್ಟ್ ಇಂಡಿಯಾ ಕಂಪನಿಯ ಹಡಗು ನಿಲ್ಲುತ್ತಿದ್ದ ಜಾಗಕ್ಕೆ ಹತ್ತಿರ, ಹಡಗಿನವರಿಗೆ ಉದ್ದರಿಯೂ ಕೊಡುತ್ತಿದ್ದರು, ಹಾಗಾಗಿ ಅವರ ಬಿಯರ್ ಇಲ್ಲಿಗೆ ಜಾಸ್ತಿ ಬಂತು. 1820ರ ದಶಕದಲ್ಲಿ ಇಂಗ್ಲೆಂಡಿನ ಬರ್ಟನ್ ಊರಿನ ಬ್ರೂವರಿಯವರು ಪೈಪೋಟಿಗೆ ಇಳಿದರು. ಅದು ಹಡಗಿನಲ್ಲಿ ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಕೂತು ಮಾಗಿದ ಬಿಯರ್. ಇವತ್ತಿನ ಮಬ್ಬು ಐಪಿಎಯನ್ನು ಹಾಗೆ ಇಟ್ಟರೆ ಚೆಲ್ಲಬೇಕಾಗುತ್ತದೆ.

ಹಾಗಾಗಿ ಎರಡು ಕೋರಿಕೆ. ಬ್ರೂವರಿಯವರು ಬೋರ್ಡಿನಲ್ಲಿ ಬೆಲೆ, ಆಲ್ಕೋಹಾಲ್ ಬರೆಯುವ ಜಾಗದಲ್ಲೇ ಆ ಬಿಯರ್ ಟ್ಯಾಪ್‌ಗೆ ಬಂದ ತಾರೀಖನ್ನೂ ಬರೆಯಲಿ. ಸೀಮೆಸುಣ್ಣದಲ್ಲಿ ಒಂದು ಸಾಲು, ಅಷ್ಟೇ ತಾನೇ. ಅರ್ಧ ಲೀಟರ್ ಮಗ್ ಒಂದನ್ನೇ ತಂದು ಕೊಡೋದನ್ನೂ ಬಿಡಲಿ, 7% ಬಿಯರ್‌ಗೆ ಚಿಕ್ಕ ಗ್ಲಾಸ್ ಸಾಕು. ಇನ್ನು ನೀವು ಅಂಕ ಕೊಡುವಾಗ ಬಿಯರಿನ ಬಗೆ ಯಾವುದು, ಎಷ್ಟು ದಿನದ್ದು, ಯಾವ ಗ್ಲಾಸಿನಲ್ಲಿ ಕುಡಿದಿರಿ ಅಂತಲೂ ಹಾಕಿ. ಸಾಧ್ಯವಾದರೆ ನಿಮ್ಮ ಲೇಖಕರನ್ನು ಇನ್ನೊಂದು ಸಲ ಅಲ್ಲಿಗೇ ಕಳಿಸಿ, ಹೊಸ ಬ್ಯಾಚ್ ಬಂದ ಮೇಲೆ. ಆಗಲೂ ಎರಡೇ ನಕ್ಷತ್ರ ಬಂದರೆ ನಾನು ಜಗಳಕ್ಕೆ ಬರಲ್ಲ.

ಇಂತಿ,
ನಿಮ್ಮ ಓದುಗ
ಜಯನಗರ, ಬೆಂಗಳೂರು